ಡ್ರೈವರ್ ಮಾವನ ಎದೆ

ಹೋದ ಸಲ ಈ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಈ ಸಲವೂ ಆದರೆ ಆಂಬುಲೆನ್ಸ್ ಕೋರ್ಸಿನಿಂದ ನನ್ನ ಹೆಸರು ಹೊಡೆದುಹಾಕುತ್ತಾರೆ. ಹಾಗಾಗಿ ಮನುಷ್ಯನ ದೇಹವನ್ನು ಗಿಳಿಪಾಠ ಮಾಡಿಕೊಂಡು ಬಂದಿದ್ದೆ. ಎಡ ಅಂದರೆ ನನ್ನ ಎಡವಲ್ಲ, ರೋಗಿಯ ಎಡ. ಹೃದಯದ ತುದಿ ಎಡಗಡೆ, ಐದನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ. ಲಿವರ್ ಬಲಗಡೆ.

ರೋಗಿಯಾಗಿ ಮಲಗಲು ಬರಬೇಕಾಗಿದ್ದವನು ಕೈಕೊಟ್ಟಿದ್ದರಿಂದ ಆಂಬುಲೆನ್ಸಿನ ಹಳೆಯ ಡ್ರೈವರನ್ನು ಎಳೆದು ತಂದಿದ್ದರು. ನಮಗೆಲ್ಲ ಅವರು ಡ್ರೈವರ್ ಮಾವ. ಅಂಗಿ ಬಿಚ್ಚಿ, ತಣ್ಣನೆಯ ರೆಕ್ಸಿನ್ ಮಂಚದ ಮೇಲೆ ಮಲಗಿದ್ದರು. ನನಗಿಂತ ಮುಂಚೆ ಹೋದವರೆಲ್ಲ ಆ ಎದೆಯ ಎಡಗಡೆ ಸ್ಟೆತಾಸ್ಕೋಪ್ ಇಟ್ಟು, "ಕೇಳಿಸ್ತಿದೆ ಮೇಡಂ" ಎಂದು, ಪಾಸಾಗಿ ಹೊರಬಿದ್ದಿದ್ದರು.

"ಬಾ ಮಗಳೇ, ನೀನೂ ಒಂದಿಷ್ಟು ಕಚಗುಳಿ ಇಡು," ಎಂದರು ಮಾವ.

ಪಕ್ಕೆಲುಬು ಎಣಿಸುತ್ತ ಬೆರಳು ಇಳಿಸಿದೆ. ಸ್ಟೆತಾಸ್ಕೋಪ್ ಇಟ್ಟೆ. ಉಸಿರು ಚೆನ್ನಾಗಿ ಕೇಳಿಸಿತು. ಹೃದಯ ಮಾತ್ರ ಎಲ್ಲೋ ದೂರದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಓಡಾಡುತ್ತಿರುವ ಹಾಗೆ. ಮತ್ತೆ ಎಣಿಸಿದೆ. ಎಡವೇ. ಅವರ ಎಡವೇ.

"ಏನಮ್ಮ, ಕಿವಿಗೆ ಹತ್ತಿ ಇಟ್ಕೊಂಡು ಬಂದಿದೀಯಾ?" ಪರೀಕ್ಷೆ ಮಾಡುತ್ತಿದ್ದ ಡಾಕ್ಟರು ಪೆನ್ನು ಎತ್ತಿದರು. "ಕೇಳಿಸ್ತಿದೆಯೋ ಇಲ್ವೋ?"

ಹೂಂ ಅಂದರೆ ಪಾಸು. ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ನನ್ನ ಬೆರಳ ಕೆಳಗೆ ಏನೂ ಮಿಡಿಯುತ್ತಿರಲಿಲ್ಲ.

"ಇಲ್ಲಿ ಇಲ್ಲ ಮೇಡಂ."

"ಇಲ್ಲ ಅಂದ್ರೆ? ಮನುಷ್ಯ ಸತ್ತೋಗಿದಾನಾ?"

"ಊಟ ಆದ್ಮೇಲೆ ನೋಡೋಣ," ಎಂದರು ಮಾವ, ಚಾವಣಿ ನೋಡುತ್ತ.

ಸ್ಟೆತಾಸ್ಕೋಪನ್ನು ಎತ್ತದೆ ಮೆಲ್ಲಗೆ ಸರಿಸಿದೆ. ಎದೆಮೂಳೆಯ ಹತ್ತಿರ ಸದ್ದು ಬೆಳೆಯಿತು. ಮೂಳೆ ದಾಟಿ ಬಲಕ್ಕೆ ಇಳಿದಾಗ ಕಿವಿ ತುಂಬಿಹೋಯಿತು. ಅಂಗೈ ಇಟ್ಟರೆ, ಒಳಗಿನಿಂದ ಯಾರೋ ತಳ್ಳುತ್ತಿದ್ದಾರೆ.

"ಮೇಡಂ, ಬಲಗಡೆ ಇದೆ."

"ಎಡ ಬಲ ಗೊತ್ತಿಲ್ದೆ ಇಲ್ಲಿವರೆಗೆ ಬಂದ್ಯಲ್ಲ, ಭೇಷ್," ಎನ್ನುತ್ತ ಡಾಕ್ಟರು ತಮ್ಮ ಸ್ಟೆತಾಸ್ಕೋಪ್ ಇಟ್ಟರು. ತುಟಿಯ ಮೇಲಿನ ನಗು ಮಾಯವಾಯಿತು. ಬಹಳ ಹೊತ್ತು ಕೇಳಿದರು. ಆಮೇಲೆ ಕಲ್ಲಂಗಡಿ ತಟ್ಟಿ ನೋಡುವವರಂತೆ ಪಕ್ಕೆಯ ಕೆಳಭಾಗವನ್ನು ಎರಡೂ ಕಡೆ ತಟ್ಟಿದರು. ಬಲಗಡೆ ಟೊಳ್ಳು ಸದ್ದು, ಎಡಗಡೆ ಗಟ್ಟಿ.

"ಲಿವರೂ ಕಡೆ ಬದಲಿಸಿ ಎಡಕ್ಕೆ ಬಂದಿದೆ," ಎಂದರು, ಮಲಗಿದ ಮಗುವನ್ನು ಎಬ್ಬಿಸಬಾರದು ಅನ್ನುವಷ್ಟು ಮೆತ್ತಗೆ.

ಮಾವ ತಲೆಯೆತ್ತಿದರು. "ಏನಾದ್ರೂ ತೊಂದ್ರೆನಾ?"

"ತೊಂದ್ರೆ ಅನ್ನೋ ಹಾಗೆ ಕಾಣ್ತಿಲ್ಲ. ಒಂದು ಎಕ್ಸ್‌ರೇ ತೆಗೆಸೋಣ. ಕನ್ನಡೀಲಿ ಕಾಣೋ ಹಾಗೆ ಒಳಗೆಲ್ಲ ತಿರುಗಿದೆ, ಹುಟ್ಟಿದಾಗಿಂದ. ಯಾವತ್ತೂ ಡಾಕ್ಟರ ಹತ್ರ ಹೋಗಿಲ್ವಾ ನೀವು?"

"ದಿನಾ ಹೋಗ್ತೀನಲ್ಲ, ಬೇರೆಯವರನ್ನ ಕರ್ಕೊಂಡು."

ಡಾಕ್ಟರು ನನ್ನ ಕಡೆ ತಿರುಗಿದರು. "ಇವರ ಹೃದಯ ನಿಂತ್ರೆ, ಶಾಕ್ ಕೊಡೋ ಪ್ಯಾಡ್ ಎಲ್ಲಿ ಅಂಟಿಸ್ತೀಯ?"

"ಒಂದು ಎಡ ಕಾಲರ್‌ಬೋನ್ ಕೆಳಗೆ. ಇನ್ನೊಂದು ಬಲ ಪಕ್ಕೆಗೆ. ಪುಸ್ತಕದ ತಿರುವುಮುರುವು."

"ಪಾಸು," ಎಂದು ಬರೆದುಕೊಂಡರು. "ಹೋಗು, ಕೇಳಿಸ್ತಿದೆ ಅಂದವರನ್ನೆಲ್ಲ ಒಳಗೆ ಕರಿ."

ಮಾವ ಎದ್ದು ಕೂತು ನನ್ನ ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡರು. ಅದರ ತುದಿಯನ್ನು ಬಲ ಎದೆಗೆ ನಾನೇ ಹಿಡಿದೆ. ಅವರ ಬಾಯಿ ತುಸು ತೆರೆಯಿತು.

"ಇಷ್ಟೊಂದು ಸದ್ದು ಮಾಡುತ್ತಾ ಇದು?"

ಬಾಗಿಲ ಹೊರಗೆ ಗೆಳೆಯರ ನಗು ಕೇಳುತ್ತಿತ್ತು. ಕರೆಯಲು ಹೋಗಬೇಕಿತ್ತು. ಆದರೆ ಕೈ ತೆಗೆಯಲು ಮನಸ್ಸು ಬರಲಿಲ್ಲ.