ಹೂ ಮುಟ್ಟಿದವರು ಒಳಗೆ ಬರಬಾರದು

"ನಾನು ಹೋಗಲಾಗದ ದಿನ ನೀನು ಎಣಿಸಬೇಕು" ಎಂದು ಅಮ್ಮ ಕೇಳಿದಾಗ ಮಗಳಿಗೆ ಒಂಬತ್ತು ವರ್ಷ. ಹೂಂ ಅಂದಿದ್ದಳು. ಆ ಹೂಂ ಇಪ್ಪತ್ತೇಳು ವರ್ಷದ ಮೇಲೆ ಈಗ ಕುತ್ತಿಗೆಗೆ ಬಂದಿತ್ತು. ಮುಂಬಾಗಿಲಿಗೆ ಅಡ್ಡ ನಿಂತು, ಪೊರಕೆಯ ಹಿಡಿಯಿಂದ ಪಕ್ಕದ ಮನೆಯ ಬಡಗಿಯ ಹೂಗುಚ್ಛವನ್ನು ಹಿಂದಕ್ಕೆ ತಳ್ಳುತ್ತಿದ್ದಳು.

"ಹೂ ಬೇಡ ಅಂತ ಫೋನಲ್ಲೇ ಹೇಳಿದ್ನಲ್ಲ ಅಣ್ಣ. ಗೇಟಿನ ಹೊರಗಿಟ್ಟು ಬನ್ನಿ."

"ಸಾವಿನ ಮನೆಗೆ ಬರಿಗೈಲಿ ಬರೋದು ಹೇಗಮ್ಮ?"

"ಬರಿಗೈಲೇ ಬನ್ನಿ. ಅಮ್ಮನಿಗೆ ಅದೇ ಇಷ್ಟ."

ಅಮ್ಮ ಮೂವತ್ನಾಲ್ಕು ವರ್ಷ ಸಸ್ಯ ಸಂಶೋಧನಾಲಯದಲ್ಲಿ ಜೇಡನುಸಿ ಸಾಕಿದವಳು. ಎಲೆಯ ರಸ ಹೀರುವ, ಸಾಸಿವೆಗಿಂತ ಎಷ್ಟೋ ಚಿಕ್ಕ ಜೀವ. ಅಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ನುಸಿಯಮ್ಮ ಎಂದು. ಬೀನ್ಸ್ ಎಲೆಯ ಮೇಲೆ ಮೊಟ್ಟೆ ಹತ್ತು ದಿನಕ್ಕೆ ದೊಡ್ಡ ನುಸಿಯಾಗುತ್ತದೆ. ಅದೇ ನುಸಿಯನ್ನು ಟೊಮೆಟೊ ಎಲೆಗೆ ಬಿಟ್ಟಾಗ ಹದಿನಾರು ದಿನ ಹಿಡಿದಿತ್ತು, ಅರ್ಧ ಸತ್ತೇ ಹೋಗಿದ್ದವು. ಮರಿಮಕ್ಕಳ ಕಾಲಕ್ಕಾದರೂ ಆ ಎಲೆ ಒಗ್ಗೀತೇ ಎಂದು ಅಮ್ಮ ಇಪ್ಪತ್ತು ತಲೆಮಾರು ಟೊಮೆಟೊ ಮೇಲೇ ಸಾಕಿದ್ದಳು. ಇವತ್ತು ಇಪ್ಪತ್ತನೆಯದರ ಹತ್ತನೇ ದಿನ. ನಾಲ್ಕು ಗಂಟೆಗೆ ಎಣಿಕೆ. ನಿನ್ನೆಯ ಎಣಿಕೆ ಮುಗಿಸಿ ಮನೆಗೆ ಬಂದವಳು ಚಪ್ಪಲಿ ಬಿಡುತ್ತಾ ಕುಸಿದಿದ್ದಳು.

ಗೇಟಿನ ಬಳಿ ವ್ಯಾನು ನಿಂತಿತು. ಸಂಶೋಧನಾಲಯದ ಐವರೂ ಇಳಿದರು. ಐವರೂ ಸೇರಿ ಗಾಡಿಯ ಚಕ್ರದಷ್ಟು ದೊಡ್ಡ ಹೂಚಕ್ರ ಹೊತ್ತುಕೊಂಡಿದ್ದರು.

ಮಗಳಿಗೆ ಮೈಯೆಲ್ಲ ಉರಿಯಿತು. "ಸಾರ್, ಐದೂ ಜನ ಹಿಡ್ಕೊಂಡ್ರಾ?"

"ಭಾರ ಇತ್ತಮ್ಮ" ಎಂದರು ಮುಖ್ಯಸ್ಥರು.

"ಇವತ್ತಿನ ಎಣಿಕೆ ಯಾರದು?"

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಮ್ಮ ತಮ್ಮ ಕೈ ನೋಡಿಕೊಂಡರು. ಹೂ ಮುಟ್ಟಿದವರು, ಸ್ನಾನ ಮಾಡಿದರೂ ಸರಿ, ಆ ದಿನ ನುಸಿಕೋಣೆಗೆ ಕಾಲಿಡುವಂತಿಲ್ಲ. ಅದು ನುಸಿಯಮ್ಮನ ಕಟ್ಟಳೆ.

"ನಾಳೆ ಎಣಿಸಿದ್ರೆ ಆಗಲ್ವಾ?"

"ಆಗಲ್ಲಮ್ಮ. ಯಾವುದು ಇವತ್ತು ದೊಡ್ಡದಾಯ್ತು, ಯಾವುದು ನಾಳೆ ಅಂತ ಗೊತ್ತಾಗಲ್ಲ. ವರ್ಷದ ಕೆಲಸ ನೀರಲ್ಲಿ ಹೋಮ."

"ಗೊತ್ತಿದ್ದೂ ಹೂ ತಂದ್ರಿ."

ಮುಖ್ಯಸ್ಥರು ತಲೆ ತಗ್ಗಿಸಿದರು. "ದುಃಖದಲ್ಲಿ ಮರ್ತೇಹೋಯ್ತು."

*

ಆ ಒಂಬತ್ತನೇ ವರ್ಷದಲ್ಲೇ, ಓಟದಲ್ಲಿ ಮೊದಲು ಬಂದದ್ದಕ್ಕೆ ಮಗಳಿಗೆ ಶಾಲೆಯಲ್ಲಿ ಹೂಗುಚ್ಛ ಕೊಟ್ಟಿದ್ದರು. ಅದನ್ನು ಎದೆಗವಚಿಕೊಂಡು ಮನೆಗೆ ಓಡಿ ಬಂದರೆ ಅಮ್ಮ ಗೋಡೆಗೆ ಬೆನ್ನು ಹಚ್ಚಿ ಕೂಗಿದ್ದಳು: "ಅಲ್ಲೇ ನಿಲ್ಲು! ಮುಟ್ಟಬೇಡ ನನ್ನ!"

"ನಿಂಗೆ ನುಸಿಗಳೇ ಮಕ್ಕಳು" ಎಂದು ಮಗಳು ಎರಡು ದಿನ ಮಾತು ಬಿಟ್ಟಳು.

ಭಾನುವಾರ ಅಮ್ಮ ಅವಳನ್ನು ನುಸಿಕೋಣೆಗೆ ಕರೆದೊಯ್ದಳು. ಒದ್ದೆ ಹತ್ತಿಯ ಮೇಲೆ ನಾಣ್ಯದಷ್ಟಗಲದ ಎಲೆಬಿಲ್ಲೆಗಳು. ಸೂಕ್ಷ್ಮದರ್ಶಕದ ಕೆಳಗೆ ಒಂದನ್ನಿಟ್ಟಳು.

"ಹೂವಲ್ಲಿ ಹೊರಗಿನ ನುಸಿ ಇರ್ತವೆ ಕಣೆ. ಒಂದೇ ಒಂದು ಒಳಗೆ ಬಂದ್ರೂ ನಮ್ದು ಯಾವುದು, ಅದು ಯಾವುದು ಅಂತ ಹೇಳಕ್ಕಾಗಲ್ಲ. ನೋಡು, ಮೊಟ್ಟೆಯಿಂದ ಬಂದಾಗ ಆರೇ ಕಾಲು. ಮೂರು ಸಲ ಪೊರೆ ಬಿಡುತ್ತೆ. ಮೂರನೇದು ಬಿಟ್ರೆ ದೊಡ್ಡದಾಯ್ತು ಅಂತ."

ತಾನು ಬರಲಾಗದ ದಿನ ಎಣಿಸುವ ಮಾತನ್ನು ಅಮ್ಮ ಅವಳಿಂದ ತೆಗೆದುಕೊಂಡದ್ದು ಆಗಲೇ.

*

ಎಲ್ಲರನ್ನೂ ಕಳಿಸಿದ ಮೇಲೆ ಅಮ್ಮನ ಕೆನ್ನೆ ಒಮ್ಮೆ ಮುಟ್ಟಬೇಕೆಂದು ಮಗಳು ಬೆಳಗಿನಿಂದ ಕಾದಿದ್ದಳು. ಒಳಗೆ ಬಂದು ನೋಡಿದರೆ, ಹಿಂಬಾಗಿಲಿನಿಂದ ಬುಟ್ಟಿ ತಂದಿದ್ದ ಚಿಕ್ಕಮ್ಮ ಅಮ್ಮನನ್ನು ಗಲ್ಲದವರೆಗೂ ಗುಲಾಬಿಯಲ್ಲಿ ಮುಚ್ಚಿಬಿಟ್ಟಿದ್ದಳು. ಹಣೆ, ಕೆನ್ನೆಯ ಮೇಲೂ ಎಸಳು.

"ಚಿಕ್ಕಮ್ಮಾ! ಎಷ್ಟು ಸಲ ಹೇಳ್ಲಿ ನಿಂಗೆ?"

"ಬದುಕಿದ್ದಾಗಂತೂ ನಮ್ಮಕ್ಕ ಒಂದು ಹೂ ಮುಡೀಲಿಲ್ಲ. ಇವತ್ತೂ ಬೇಡ್ವೇನೆ?" ಚಿಕ್ಕಮ್ಮ ಮೂಗೊರೆಸಿಕೊಂಡಳು. "ಬಾ, ಗಾಡಿ ಬಂತು. ಕೊನೇ ಸಲ ಮುಟ್ಟು."

"ಆಗಲ್ಲ."

"ಏನು ಹಾಗಂದ್ರೆ?"

"ಎಣಿಸೋಕೆ ಹೋಗಬೇಕು."

"ಕಲ್ಲು ಕಣೆ ನೀನು. ಥೇಟ್ ಅವಳೇ."

ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದಳು. ಹೊತ್ತವರು ಪಕ್ಕದಲ್ಲೇ ಹಾದುಹೋಗುವಾಗ ಉಸಿರು ಬಿಗಿಹಿಡಿದು ಇನ್ನಷ್ಟು ಹಿಂದಕ್ಕೆ ಸರಿದಳು.

ನಾಲ್ಕಕ್ಕೆ ಐದು ನಿಮಿಷವಿತ್ತು. ಮಿಂದು, ಒಗೆದ ಬಟ್ಟೆಯುಟ್ಟು ಸಂಶೋಧನಾಲಯಕ್ಕೆ ಬಂದವಳು ನುಸಿಕೋಣೆಯ ಬಾಗಿಲು ತೆರೆದಳು. ಬಾಗಿಲ ಮೇಲಿನ ಕಟ್ಟಳೆ ಅಮ್ಮನ ಓರೆ ಅಕ್ಷರದಲ್ಲಿತ್ತು. ಗಾಜಿನಾಚೆ ಐವರೂ ಕೈಕಟ್ಟಿ ಸಾಲಾಗಿ ನಿಂತಿದ್ದರು.

ಮೂವತ್ತು ಬಿಲ್ಲೆ, ಬಿಲ್ಲೆಗೊಂದು ನುಸಿ. ಮೂರನೇ ಪೊರೆ ಬಿಟ್ಟವು ಇಪ್ಪತ್ತೆಂಟು. ಎರಡು ಸಲ ಎಣಿಸಿದಳು. ಹತ್ತೇ ದಿನ, ಬೀನ್ಸ್ ಮೇಲಿನ ಹಾಗೆಯೇ. ಎಲೆ ಒಗ್ಗಿತ್ತು. ಇದನ್ನು ಮೊದಲು ಕೇಳಬೇಕಾದವಳು ಈಗ ಮಣ್ಣಿನಡಿ ಇದ್ದಳು.

ಅಮ್ಮನ ನಿನ್ನೆಯ ಅಂಕಿಯ ಕೆಳಗೆ ೨೮ ಎಂದು ಬರೆದಳು. ಬೆರಳುಗಳನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕೊಟ್ಟ ಮಾತು ಉಳಿದಿತ್ತು.