ಹದಿನಾರು ಅಡಿ ಕೆಳಗಿನ ಸುದ್ದಿ

ಮುಂದಿನ ಭಾನುವಾರ ಚರ್ಚು ಬಿಟ್ಟ ಮೇಲೆ ಮಿಲ್ಟ್ ಬಂದು ದೊಡ್ಡಮ್ಮನ ದೋಣಿಯನ್ನು ಒಯ್ಯುವುದೆಂದು ಮಾತಾಗಿತ್ತು. ಅದು ನನಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ, ಅವನದೇ ಅಂಗಡಿಯಲ್ಲಿ. ಮಿಲ್ಟ್ ಗಾಳಕ್ಕೆ ಹಾಕುವ ಹುಳ, ಜಿಗಣೆ ಮಾರುತ್ತಾನೆ. ಜಿಗಣೆಗಳನ್ನು ಎಣಿಸದೆ ಡಬ್ಬಿಗೆ ಸುರಿಯುತ್ತ, ‘ಮೂವತ್ತು ವರ್ಷ ಸತಾಯಿಸಿ ಕೊನೆಗೂ ದೋಣಿ ಮಾರೋಕೆ ಒಪ್ಪಿದಳು ನಿನ್ನ ದೊಡ್ಡಮ್ಮ. ಮೊಣಕಾಲು ನೋವಂತೆ. ಇನ್ನಾದರೂ ಈ ಹೊಳೇಲಿ ನಮಗೆ ನಾಲ್ಕು ಮೀನು ಉಳೀತವೆ’ ಅಂದ. ನಾನು ಎಂದಿನಂತೆ ನಕ್ಕು, ಡಬ್ಬಿ ತೆಗೆದುಕೊಂಡು ಹೊರಗೆ ಬಂದೆ. ಕೇಳಬೇಕಾದ ಪ್ರಶ್ನೆಗಳೆಲ್ಲ ಪಿಕಪ್ಪಿನ ಬಾಗಿಲು ಹಾಕಿಕೊಂಡ ಮೇಲೆ ಬಂದವು. ನನಗೆ ಯಾವಾಗಲೂ ಹಾಗೆಯೇ.

ಹೊಳೆ ಎಂದರೆ ಒವಾಹಿ ಜಲಾಶಯ. ಮಿಸೌರಿ ನದಿಗೆ ಅಣೆಕಟ್ಟು ಕಟ್ಟಿ ಅರವತ್ತು ವರ್ಷದ ಮೇಲಾಯಿತು, ಆಚೆ ದಡ ನೋಡಲು ಕಣ್ಣು ಕಿರಿದು ಮಾಡಬೇಕು. ಆದರೂ ನಮ್ಮ ಕಡೆ ಯಾರ ಬಾಯಲ್ಲೂ ಅದು ಹೊಳೆಯೇ.

ನಾನು ಡಿಗ್ರಿ ಮುಗಿಸಿ ಮೇ ತಿಂಗಳಲ್ಲಿ ದೊಡ್ಡಮ್ಮನ ಮನೆಗೆ ಬಂದಿದ್ದೆ. ಹನ್ನೊಂದು ಕಡೆ ಕೆಲಸಕ್ಕೆ ಬರೆದಿದ್ದೆ. ಎರಡು ಕಡೆ ಸಂದರ್ಶನಕ್ಕೂ ಕರೆದರು, ಎರಡರಲ್ಲೂ ನನ್ನ ದನಿ ಮೇಜಿನ ಆಚೆ ತುದಿಯವರೆಗೆ ಹೋಗಲಿಲ್ಲ. ಅಮ್ಮನ ಅಕ್ಕ ಆರ್ಡಿಸ್ ಅದನ್ನೇನೂ ಕೇಳಲಿಲ್ಲ. ಮೂವತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಬಡಿಸಿದವಳು. ಯಾರಿಗೆ ಏನು ಕೇಳಬಾರದೆಂದು ಅವಳಿಗೆ ಗೊತ್ತಿತ್ತು. ಬಂದ ಮರುದಿನವೇ ನನ್ನನ್ನು ದೋಣಿಯ ಮುಂದಿನ ಪೀಠದಲ್ಲಿ ಕೂರಿಸಿ, ಕೈಗೊಂದು ಗಾಳದ ಕೋಲು ಕೊಟ್ಟು, ವಾಲೈ ಮೀನು ಹಿಡಿಯೋದು ಕಲಿ, ಬೇರೆಯದೆಲ್ಲ ಆಮೇಲೆ ಬರುತ್ತೆ, ಅಂದಿದ್ದಳು.

ದೋಣಿಯನ್ನು ಅವಳು ಹಿಂದುಹಿಂದಕ್ಕೆ ಓಡಿಸುತ್ತಿದ್ದಳು. ಉಳಿದವರು ಚೂಪು ಮೂತಿ ಮುಂದೆ ಮಾಡಿ ಅಲೆ ಸೀಳಿಕೊಂಡು ಹೋದರೆ, ದೊಡ್ಡಮ್ಮ ದೋಣಿಯ ಚಪ್ಪಟೆ ಹಿಂಬದಿಯನ್ನೇ ಗಾಳಿಗೆ ಒಡ್ಡಿ, ಮೋಟಾರಿನ ಹಿಡಿಯ ಮೇಲೆ ಎಡಗೈ ಊರಿ, ಒಂದೊಂದೇ ಅಲೆಯನ್ನು ಒಪ್ಪಿಸಿಕೊಳ್ಳುತ್ತ ಹಿಮ್ಮೆಟ್ಟಿಸುತ್ತಿದ್ದಳು. ನೀರು ಹಾರಿ ಅವಳ ಬೆನ್ನಿಗೆ ಬಡಿಯುತ್ತಿತ್ತು. ಅವಳಿಗೆ ಅದು ಬೇರೆಯವರ ಮನೆಯ ಮಳೆ. ಹೀಗೆ ಓಡಿಸಿದರೆ ದೋಣಿ ನಡಿಗೆಗಿಂತ ನಿಧಾನವಾಗಿ ಹೋಗುತ್ತದೆ, ಬೇಕೆಂದಲ್ಲಿ ನಿಲ್ಲುತ್ತದೆ. ನೀರಿನಡಿಯಲ್ಲಿ ಹಳೆಯ ದಿಣ್ಣೆಯ ಅಂಚು ಹದಿನಾರು ಅಡಿ ಆಳದಲ್ಲಿ ತಿರುತಿರುಗಿ ಹೋಗುತ್ತಿದ್ದರೆ, ಮೇಲೆ ಅವಳ ದೋಣಿಯೂ ಅಂಥದೇ ತಿರುವು ತೆಗೆದುಕೊಂಡು ಹೋಗುತ್ತಿತ್ತು. ಆಳ ತೋರಿಸುವ ಪರದೆಯಲ್ಲಿ ಹದಿನಾರು ಹೋಗಿ ಹದಿನೇಳಾಗುವ ಮೊದಲೇ ಅವಳ ಮಣಿಕಟ್ಟು ತಿರುಗಿರುತ್ತಿತ್ತು. ಇಷ್ಟು ಚೆನ್ನಾಗಿ ಒಬ್ಬರು ಒಂದು ಕೆಲಸ ಮಾಡುವುದನ್ನು ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಇದ್ದೂ ನೋಡಿರಲಿಲ್ಲ. ಮುಕ್ಕಾಲು ಮೀನು ದೋಣಿ ಹಿಡಿಯುತ್ತೆ, ಉಳಿದ ಕಾಲು ಭಾಗ ಕೈಬೆರಳು, ಎನ್ನುತ್ತಿದ್ದಳು.

ಆ ಕಾಲು ಭಾಗವೇ ನನಗೆ ಹತ್ತದೆ ಹೋದದ್ದು. ದಾರವನ್ನು ರೀಲಿನಿಂದ ಬಿಡಿಸಿ ತೋರುಬೆರಳ ತುದಿಯಲ್ಲಿ ಹಿಡಿದಿರಬೇಕು. ದಾರದ ಕೊನೆಗೆ ಸೀಸದ ಗುಂಡು ತಳದಲ್ಲಿ ತೆವಳುತ್ತಿರುತ್ತದೆ, ಅದರ ಹಿಂದೆ ಒಂದು ಮಾರು ದೂರದಲ್ಲಿ ಗಾಳಕ್ಕೆ ಚುಚ್ಚಿದ ಜಿಗಣೆ ಈಜುತ್ತ ಬರುತ್ತದೆ. ವಾಲೈ ಮೀನು ಹಾರಿ ಬಂದು ಕಚ್ಚುವುದಿಲ್ಲ. ಮೆಲ್ಲಗೆ ಒಳಗೆಳೆದುಕೊಂಡು ಯೋಚನೆ ಮಾಡುತ್ತ ನಿಂತುಬಿಡುತ್ತದೆ. ಆಗ ಬೆರಳು ಸಡಿಲಿಸಿ ದಾರ ಬಿಟ್ಟುಕೊಡಬೇಕು. ನಿಧಾನವಾಗಿ ಹತ್ತರವರೆಗೆ ಎಣಿಸಿ, ಸಡಿಲ ಸುತ್ತಿಕೊಂಡು, ಭಾರ ತಾಗಿತೆಂದಾಗ ಕೋಲು ಎತ್ತಬೇಕು. ಮೊದಲ ವಾರ ನಾನು ಪ್ರತಿ ಕಲ್ಲಿಗೂ ಕೋಲು ಎಳೆದೆ. ಎರಡನೆಯ ವಾರ ಹೆದರಿ ಸುಮ್ಮನೆ ಕೂತೆ. ‘ಮೀನು ಬಂತು, ಊಟ ಮಾಡ್ತು, ಕೈ ತೊಳ್ಕೊಂಡು ಹೋಯ್ತು ಕಣೇ ಕಾರಿನ್. ನಿನಗೊಂದು ನಮಸ್ಕಾರಾನೂ ಹೇಳಿರ್ಬೇಕು’ ಎಂದು ದೊಡ್ಡಮ್ಮ ಬೋಳು ಗಾಳ ನೋಡಿ ಹೇಳಿದಳು.

ದೋಣಿಯಲ್ಲಿ ಯಾರೂ ಮಾತಾಡುವುದಿಲ್ಲ. ಕಚ್ಚಿತು ಎಂದು ಬಾಯಿಬಿಟ್ಟರೆ ನೀರಿನ ಮೇಲೆ ಅರ್ಧ ಮೈಲಿ ಕೇಳಿಸುತ್ತದೆ, ಸುತ್ತಲಿನ ದೋಣಿಗಳೆಲ್ಲ ಅಲ್ಲಿಗೇ ಮೂತಿ ತಿರುಗಿಸುತ್ತವೆ. ಮಾತು ಬಾರದ ನನಗೆ ಈ ಕಟ್ಟಳೆ ಬಹಳ ಹಿತವಾಗಿತ್ತು. ಬೆರಳಿಗೆ ತಿಳಿದದ್ದನ್ನು ಸಂಜೆ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಜಲ್ಲಿ: ಮಣ್ಣುರಸ್ತೆಯಲ್ಲಿ ಸೈಕಲ್ಲು ಹೋದ ಹಾಗೆ. ಕೆಸರು: ಆರಿದ ಸೂಪಿನಲ್ಲಿ ಚಮಚ ಎಳೆದ ಹಾಗೆ. ಮುಳುಗಿದ ಮರದ ಕೊಂಬೆ: ಸ್ವೆಟರಿಗೆ ಮುಳ್ಳು ಸಿಕ್ಕಿಕೊಂಡ ಹಾಗೆ. ಮೀನು ಎಂದು ಬರೆದು ಮುಂದೆ ಬಹಳ ದಿನ ಖಾಲಿ ಬಿಟ್ಟಿದ್ದೆ.

ಮಿಲ್ಟ್ ಅಂಗಡಿಯಲ್ಲಿ ಹೇಳಿದ ಮಾತಿನ ಬಗ್ಗೆ ದೊಡ್ಡಮ್ಮನನ್ನು ಕೇಳಬೇಕೆಂದು ಎರಡು ದಿನ ತಿಣುಕಿದೆ. ಬುಧವಾರ ಅದು ತಾನಾಗಿಯೇ ಬಯಲಾಯಿತು. ದೊಡ್ಡಮ್ಮ ಬಿಳಿ ಬಕೆಟ್ಟಿನ ಮೇಲೆ ಬಾಗಿ ಗಾಳಕ್ಕೆ ಜಿಗಣೆ ಚುಚ್ಚುತ್ತಿದ್ದಳು. ಬಕೆಟ್ಟಿನ ಮುಚ್ಚಳದ ಮೇಲೆ ಕೆಂಪು ಹನಿ ಬಿತ್ತು, ಇನ್ನೊಂದು ಬಿತ್ತು. ಅವಳು ಕಾಲ ಬಳಿ ಜಾರಿಬಿದ್ದ ಜಿಗಣೆಯನ್ನು ಹುಡುಕುತ್ತಲೇ ಇದ್ದಳು. ಗಾಳ ಅವಳ ಹೆಬ್ಬೆರಳಿಗೆ ಹೊಕ್ಕು ಆಚೆ ಬಂದಿತ್ತು.

‘ದೊಡ್ಡಮ್ಮ, ನಿನ್ನ ಬೆರಳು.’

ಯಾರದೋ ಬೆರಳು ನೋಡುವಂತೆ ಅವಳು ಅದನ್ನು ನೋಡಿದಳು. ಆಮೇಲೆ ಇಕ್ಕಳ ನನ್ನ ಕೈಗೆ ಕೊಟ್ಟಳು. ನಾನು ಗಾಳದ ಮುಳ್ಳು ಕತ್ತರಿಸಿ ಹಿಂದಕ್ಕೆ ಎಳೆಯುವಾಗ ಅವಳು ಮೋಟಾರಿನ ಕಡೆ ಕಣ್ಣಿಟ್ಟು ದೋಣಿಯನ್ನು ಸರಿಯಾಗಿ ಹದಿನಾರು ಅಡಿಯ ಮೇಲೆ ನಿಲ್ಲಿಸಿಕೊಂಡಿದ್ದಳು. ಎರಡು ಚಳಿಗಾಲದ ಹಿಂದೆ ಕ್ಯಾನ್ಸರಿಗೆಂದು ತೆಗೆದುಕೊಂಡ ಔಷಧಿ ರೋಗವನ್ನು ಕರೆದುಕೊಂಡು ಹೋಗುವಾಗ ಬೆರಳ ತುದಿಗಳನ್ನೂ ಕರೆದುಕೊಂಡು ಹೋಯಿತಂತೆ. ಬಿಸಿ, ತಣ್ಣಗೆ, ಒರಟು, ನಯ ಯಾವುದೂ ಇಲ್ಲ. ಎರಡು ಬೇಸಿಗೆ ಕೋಲಿನ ತುದಿ ನೋಡಿಕೊಂಡೇ ಮೀನು ಹಿಡಿಯಲು ನೋಡಿದಳಂತೆ. ಆದರೆ ಸುದ್ದಿ ಕೋಲಿನ ತುದಿಗೆ ಬರುವ ಹೊತ್ತಿಗೆ ಮೀನು ಹೋಗಿರುತ್ತದೆ. ಊರಿಗೆ ಮೊಣಕಾಲು ಎಂದು ಹೇಳಿದ್ದಳು, ಮೊಣಕಾಲು ಎಂದರೆ ಜನ ಮುಂದೆ ಕೇಳುವುದಿಲ್ಲವೆಂದು.

‘ದೋಣಿ ಓಡಿಸೋಕೆ ಬೆರಳು ಬೇಡವಲ್ಲ’ ಅಂದೆ. ಅಷ್ಟು ಹೇಳಲಿಕ್ಕೇ ನನಗೆ ಹೊತ್ತು ಹಿಡಿಯಿತು.

‘ಬೇಡ. ಮಣಿಕಟ್ಟು ಸಾಕು. ಆದ್ರೆ ಕೆಳಗಿನ ಸುದ್ದಿ ಬರದೆ ಮೇಲೆ ಓಡಾಡಿ ಏನು ಮಾಡ್ಲಿ? ಪರದೆ ಆಳ ಹೇಳುತ್ತೆ, ಅಷ್ಟೇ. ಮೀನಿರೋದು ಜಲ್ಲಿ ಮೇಲೆ. ಕಲ್ಲೋ ಕೆಸರೋ ಹೇಳ್ತಿದ್ದದ್ದು ಈ ಬೆರಳು.’

ನಾನು ಹೇಳ್ತೀನಿ ಎಂಬ ಮಾತು ನನ್ನ ಗಂಟಲಲ್ಲಿ ಬಂದು ಕೂತಿತು. ದಡ ಸೇರುವವರೆಗೆ ಅಲ್ಲೇ ಕೂತಿತ್ತು.

ಗುರುವಾರ, ಶುಕ್ರವಾರ ಗಾಳಿ ಜೋರಾಗಿ ಯಾರೂ ದೋಣಿ ಇಳಿಸಲಿಲ್ಲ. ದೊಡ್ಡಮ್ಮ ದೋಣಿಯನ್ನು ಒಳಗೆಲ್ಲ ತೊಳೆದು, ಮೋಟಾರಿಗೆ ಎಣ್ಣೆ ಬದಲಿಸಿ, ಮಿಲ್ಟ್‌ಗೆ ಕೊಡಲು ಕೀಲಿಗಳನ್ನು ಒಂದು ಲಕೋಟೆಯಲ್ಲಿಟ್ಟಳು. ಶನಿವಾರ ಗಾಳಿ ಹದಕ್ಕೆ ಬಂತು. ಬೆಳಗಾಗುತ್ತಲೇ ಕಾಫಿ, ಒಂದು ತುಂಡು ಕೂಕನ್ ಕೇಕು ಕಟ್ಟಿಕೊಂಡು ಹೊರಟೆವು. ಅವಳು ತನ್ನ ಕೋಲನ್ನು ಮನೆಯಲ್ಲೇ ಬಿಟ್ಟಿದ್ದಳು. ಇವತ್ತು ನಿನ್ನದೊಂದೇ, ಅಂದಳು.

ದಿಣ್ಣೆಯ ಮೇಲೆ ಆಗಲೇ ಮೂರು ದೋಣಿಗಳಿದ್ದವು. ಒಂದರಲ್ಲಿ ಮಿಲ್ಟ್ ಇದ್ದ. ನೀರು ಕುಡಿಯುವ ತನ್ನ ಹಳೆಯ ದೋಣಿಯಲ್ಲಿ ಕೂತು ಡಬ್ಬಿಯಿಂದ ನೀರು ಮೊಗೆದು ಚೆಲ್ಲುತ್ತ, ಇದೇ ಕಡೇ ದಿನ ಈ ಕೆಲಸ ಎಂದು ನಮಗೆ ಕೇಳುವಂತೆ ಹೇಳಿದ. ದೊಡ್ಡಮ್ಮ ಕೈ ಎತ್ತಿದಳು. ದೋಣಿಯ ಹಿಂಬದಿಯನ್ನು ಗಾಳಿಗೆ ತಿರುಗಿಸಿದಳು. ನಾನು ದಾರ ಇಳಿಸಿದೆ. ಗುಂಡು ತಳ ಮುಟ್ಟಿತು.

‘ಜಲ್ಲಿ’ ಅಂದೆ.

ನನಗೇ ಕೇಳಲಿಲ್ಲ. ಇನ್ನೊಂದು ಸಲ ಅಂದೆ. ದೊಡ್ಡಮ್ಮ ತಲೆ ಎತ್ತಿದಳು.

‘ಜಲ್ಲಿ. ಇನ್ನೂ ಜಲ್ಲಿ. ದೊಡ್ಡ ಕಲ್ಲು ಒಂದು. ಈಗ ಮೆತ್ತಗಾಯ್ತು. ಕೆಸರು.’

ಅವಳ ಮಣಿಕಟ್ಟು ಒಂದಿಷ್ಟು ತಿರುಗಿತು, ದೋಣಿ ಎರಡು ಮಾರು ಎಡಕ್ಕೆ ಸರಿಯಿತು. ಮತ್ತೆ ಜಲ್ಲಿ ಸಿಕ್ಕಿತು. ಹೇಳಿದೆ. ಕೊಂಬೆ ತಾಗಿತು, ಹೇಳಿದೆ. ಅವಳು ಅಲ್ಲೇ ನಿಲ್ಲಿಸಿ ಗುಂಡನ್ನು ಬಿಡಿಸಿಕೊಳ್ಳಲು ಬಿಟ್ಟು ಮುಂದಕ್ಕೆ ಹೋದಳು. ನಾನು ಹೇಳಿದ್ದೆಲ್ಲ ದೋಣಿಯಾಗಿ ಚಲಿಸುತ್ತಿತ್ತು. ನನ್ನ ಮಾತಿಗೆ ಯಾರಾದರೂ ಇಷ್ಟು ಗಮನ ಕೊಟ್ಟದ್ದು ನೆನಪಿಲ್ಲ.

ಆಚೆಯಿಂದ ಮಿಲ್ಟ್ ದನಿ ತೇಲಿ ಬಂತು. ‘ಆರ್ಡಿಸ್, ದೋಣೀಲಿ ರೇಡಿಯೊ ಹಾಕಿಸಿದ್ದೀಯಾ? ಅದೂ ಸೇರಿ ನನಗೇ ತಾನೇ?’

ಉಳಿದ ದೋಣಿಗಳಲ್ಲಿ ನಗು. ನಾನು ಬಾಯಿ ಮುಚ್ಚಿಕೊಂಡೆ. ದೋಣಿ ಹದಿನಾರರ ಗೆರೆಯ ಮೇಲೆ ಹೋಗುತ್ತಿತ್ತು, ಆದರೆ ತಪ್ಪು ಕಡೆ. ನನ್ನ ಬೆರಳಿಗೆ ಕೆಸರು, ಬರೀ ಕೆಸರು. ದೊಡ್ಡಮ್ಮ ಕಾಯುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ, ಬೇಡಲೂ ಇಲ್ಲ. ಬ್ಯಾಂಡೇಜು ಸುತ್ತಿದ ಹೆಬ್ಬೆರಳು ಮೋಟಾರಿನ ಹಿಡಿಯ ಮೇಲೆ ಇತ್ತು. ನಾಳೆ ಈ ಹೊತ್ತಿಗೆ ಆ ಹಿಡಿ ಮಿಲ್ಟ್ ಕೈಯಲ್ಲಿ ಇರುತ್ತದೆ ಎಂದುಕೊಂಡೆ.

‘ಕೆಸರು’ ಅಂದೆ, ಮಿಲ್ಟ್‌ಗೂ ಕೇಳುವಷ್ಟು ಗಟ್ಟಿಯಾಗಿ. ‘ಆಗಿಂದ ಕೆಸರೇ ಇದೆ ದೊಡ್ಡಮ್ಮ. ಬಲಕ್ಕೆ ಹೋಗಬೇಕು.’

ದೋಣಿ ಬಲಕ್ಕೆ ಹೋಯಿತು. ಜಲ್ಲಿ ಶುರುವಾಗಿ, ಜಲ್ಲಿ ನಿಂತಿತು. ನಿಂತದ್ದು ಕಲ್ಲಿನ ಹಾಗಿರಲಿಲ್ಲ.

‘ಏನೋ ಇದೆ.’

ಮೋಟಾರಿನ ಸದ್ದು ಇಳಿಯಿತು. ‘ಏನು ಮಾಡ್ತಿದೆ?’

‘ಏನೂ ಇಲ್ಲ. ಸುಮ್ಮನೆ ಹಿಡ್ಕೊಂಡಿದೆ.’

‘ಬಿಟ್ಟುಕೊಡು.’

ಬೆರಳು ಸಡಿಲಿಸಿದೆ. ‘ಹೋಗ್ತಿದೆ. ಮೆಲ್ಲಗೆ. ನಿಂತ್ಕೊಂತು. ಮತ್ತೆ ಹೋಗ್ತಿದೆ.’

‘ಹೋಗ್ಲಿ. ನಿನಗೇನು ಅವಸರ?’ ಅವಳು ದೋಣಿಯನ್ನು ಮೀನಿನ ಹಿಂದೆಯೇ ಬಿಡುತ್ತಿದ್ದಳು, ದಾರ ಬಿಗಿಯೂ ಆಗದೆ ಜೋಲೂ ಬೀಳದೆ ಇರುವ ಹಾಗೆ. ಆ ಅಲೆಗಳಲ್ಲಿ ಅದು ಹೇಗೆ ಸಾಧ್ಯವಾಯಿತೋ ನನಗೆ ಇವತ್ತಿಗೂ ತಿಳಿಯದು. ‘ಈಗ ಸುತ್ತು. ಭಾರ ಸಿಕ್ತಾ?’

‘ಸಿಕ್ತು. ತಲೆ ಒದರ್ತಿದೆ.’

‘ಎತ್ತು.’

ಎತ್ತಿದೆ. ಕೋಲು ಬಾಗಿ ನೀರು ಮುಟ್ಟಿತು. ಎಷ್ಟು ಹೊತ್ತಾಯಿತೋ, ಕೊನೆಗೆ ದೊಡ್ಡಮ್ಮ ಮೋಟಾರು ಬಿಟ್ಟು ಬಲೆ ಹಾಕಿದಳು. ಹಿತ್ತಾಳೆ ಬಣ್ಣದ ಮೈ, ನೆಟ್ಟಗೆ ನಿಂತ ಬೆನ್ನಮುಳ್ಳು, ದೀಪದ ಹಾಗೆ ಹೊಳೆಯುವ ಗಾಜುಗಣ್ಣು. ಅಳತೆ ಪಟ್ಟಿಯ ಮೇಲಿಟ್ಟರೆ ಇಪ್ಪತ್ತಾರು ಅಂಗುಲ. ಇಷ್ಟು ದೊಡ್ಡದು ಮೊಟ್ಟೆ ಇಡುವ ಹೆಣ್ಣೇ ಇರಬೇಕು, ಹೋಗಲಿ ಎಂದು ಅವಳು ಅದನ್ನು ನೀರಿಗಿಳಿಸಿ, ಬಾಲದ ಬುಡ ಹಿಡಿದು, ಅದು ತಾನಾಗಿ ಬಿಡಿಸಿಕೊಂಡು ಹೋಗುವವರೆಗೆ ಬಾಗಿಕೊಂಡಿದ್ದಳು. ಮಿಲ್ಟ್ ಆಚೆಯಿಂದ ಹೊಟ್ಟೆಗೆ ಪೆಟ್ಟು ಬಿದ್ದವನ ಹಾಗೆ ನರಳಿದ.

ದೊಡ್ಡಮ್ಮ ಎದ್ದು ಕೂತು ಕೈ ಒರೆಸಿಕೊಂಡಳು. ನನ್ನನ್ನು ಹೊಗಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ.

‘ಮೊದಲು ಬಂತಲ್ಲ, ಆಗ ಹೇಗಿತ್ತು? ಇನ್ನೊಂದ್ಸಲ ಹೇಳು.’

ನಾನು ಯೋಚಿಸಿದೆ. ‘ಕತ್ತಲಲ್ಲಿ ನಡೀತಿರ್ತೀವಿ, ಗೊತ್ತಿರೋರು ಯಾರೋ ಬಂದು ಮೆಲ್ಲಗೆ ತೋಳು ಹಿಡಿದ ಹಾಗೆ.’

‘ಹೌದು’ ಅಂದಳು. ‘ಹೌದು, ಹಾಗೇ ಇರ್ತಿತ್ತು.’ ಆಮೇಲೆ ನೀರಿನ ಕಡೆ ತಿರುಗಿಕೊಂಡು, ಕಾಫಿಯ ಮುಚ್ಚಳ ತೆಗೆಯುವ ಕೆಲಸವನ್ನು ಬೇಕಿದ್ದಕ್ಕಿಂತ ನಿಧಾನವಾಗಿ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಊಟಕ್ಕಾಗುವಂಥ ನಾಲ್ಕು ಸಿಕ್ಕಿದವು. ಕೂಗಿ ಹೇಳಿ ಹೇಳಿ ನನ್ನ ಗಂಟಲು ಕಟ್ಟಿಹೋಗಿತ್ತು.

ಭಾನುವಾರ ಮಿಲ್ಟ್ ಚರ್ಚಿನ ಅಂಗಿಯಲ್ಲೇ, ಪಿಕಪ್ಪಿಗೆ ದೋಣಿ ಎಳೆಯುವ ಕೊಂಡಿ ಸಿಕ್ಕಿಸಿಕೊಂಡು ಬಂದ. ದೊಡ್ಡಮ್ಮ ಅವನನ್ನು ಮೊದಲು ಊಟಕ್ಕೆ ಕೂರಿಸಿದಳು. ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿ ಕರಿದ ವಾಲೈ, ಹುರಿದ ಆಲೂಗಡ್ಡೆ, ಸೌತೆಕಾಯಿಗೆ ಕೆನೆ. ಅವನು ಮೂರನೇ ತುಂಡಿಗೆ ಕೈ ಹಾಕಿದಾಗ ಹೇಳಿದಳು:

‘ಮೊಣಕಾಲಲ್ಲ ಕಣೋ ಮಿಲ್ಟ್. ಬೆರಳು. ಎರಡು ವರ್ಷದಿಂದ ಏನೂ ಗೊತ್ತಾಗಲ್ಲ.’

ಮಿಲ್ಟ್ ಫೋರ್ಕು ಕೆಳಗಿಟ್ಟ. ಅವಳ ಕೈ ನೋಡಿದ, ಹೆಬ್ಬೆರಳ ಬ್ಯಾಂಡೇಜು ನೋಡಿದ. ನಾನು ಅವನನ್ನು ತಮಾಷೆ ಇಲ್ಲದೆ ನೋಡಿದ್ದು ಆಗ ಮಾತ್ರ. ‘ಹಾಗಾದ್ರೆ ನಿನ್ನೆಯ ರೇಡಿಯೊ...’

‘ಅದೇ. ದೋಣಿ ಕೊಡಲ್ಲ. ಊಟ ಮಾಡು.’

ಅವನು ಫೋರ್ಕು ಮತ್ತೆ ಎತ್ತಿಕೊಂಡ. ಕೊನೆಗೆ, ‘ಸರಿ. ಆದ್ರೆ ಕಾರಿನ್‌ಗೆ ಎಲ್ಲೋ ಕೆಲಸ ಸಿಕ್ಕಿ ಹೋದಳು ಅಂದ್ಕೋ. ಆಗೇನು ಮಾಡ್ತೀಯ?’ ಅಂದ. ಅದು ನನ್ನೊಳಗೂ ಇದ್ದ ಪ್ರಶ್ನೆ.

‘ಆಗ ಮುಂದಿನ ಪೀಠದಲ್ಲಿ ನೀನು ಕೂತ್ಕೋ. ಬಾಯಂತೂ ನಿನಗಿದೆ’ ಅಂದಳು ದೊಡ್ಡಮ್ಮ. ‘ಬೆರಳು ಹೇಗೋ ನೋಡ್ಬೇಕು.’

ಮಿಲ್ಟ್ ತನ್ನ ಬಲಗೈ ಬೆರಳುಗಳನ್ನು ಮೇಜಿನ ಮೇಲೆ ಹರಡಿ, ಮೊದಲ ಸಲ ನೋಡುವವನ ಹಾಗೆ ನೋಡಿಕೊಂಡ. ಆಮೇಲೆ ಉಳಿದ ತುಂಡನ್ನೂ ತಿಂದು ಎದ್ದ. ಖಾಲಿ ಕೊಂಡಿ ಜಲ್ಲಿರಸ್ತೆಯುದ್ದಕ್ಕೂ ಗಡಗಡ ಸದ್ದು ಮಾಡಿಕೊಂಡು ಹೋಯಿತು.

ದೊಡ್ಡಮ್ಮ ಲಕೋಟೆಯಿಂದ ಕೀಲಿಗಳನ್ನು ತೆಗೆದು ಬಾಗಿಲ ಪಕ್ಕದ ಮೊಳೆಗೆ ಹಾಕಿದಳು. ಕಿಟಕಿಯಿಂದ ಒಮ್ಮೆ ಹೊರಗೆ ನೋಡಿ, ಗಾಳಿ ತೆಂಕಣದಿಂದ ಏಳುತ್ತಿದೆ, ನಾಳೆ ಐದಕ್ಕೆ ಹೊರಡೋಣ, ಗಂಟಲಿಗೆ ಉಪ್ಪುನೀರು ಹಾಕ್ಕೊಂಡು ಮಲಗು, ಅಂದಳು.