ಏಕಾದಶಿಯ ಕ್ಯಾಮೆರಾ

ಗೋಡೆಯಾಚೆಯ ಕ್ಯಾಮೆರಾ ಮುಖ ತಿರುಗಿಸಿತ್ತು. ಪಕ್ಕದ ಕೆಂಚಣ್ಣ ತಿಂಗಳ ಹಿಂದೆ ಹಾಕಿಸಿದ್ದು. ನಿನ್ನೆಯವರೆಗೆ ಸುಷಮಾಳ ಮನೆಯ ಹಿತ್ತಲಿನ ತುಳಸಿಕಟ್ಟೆಯತ್ತ ನೋಡುತ್ತಿದ್ದದ್ದು ಇವತ್ತು ನೇರವಾಗಿ ಬಚ್ಚಲಮನೆಯ ಹಿಂದಿನ ನುಗ್ಗೆಮರವನ್ನೇ ದಿಟ್ಟಿಸುತ್ತಿತ್ತು. ಸುಷಮಾ ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಂಡುವುದನ್ನೂ ಮರೆತು ನಿಂತಳು. ನಾಳೆ ಏಕಾದಶಿ.

ಆ ಮನೆಯಲ್ಲಿ ಏಕಾದಶಿಯೆಂದರೆ ತುಟಿಗೆ ನೀರೂ ತಾಕುವಂತಿಲ್ಲ. ಅತ್ತೆ ಜಯಾಬಾಯಿ ಐವತ್ತು ವರ್ಷದಲ್ಲಿ ಒಂದು ಉಪವಾಸವನ್ನೂ ಬಿಟ್ಟವರಲ್ಲ ಎಂದು ಆದೋನಿಯ ಮಠದಲ್ಲೆಲ್ಲ ಹೆಸರು. ಸುಷಮಾಳಿಗೋ ಕಾಫಿ ಇಲ್ಲದಿದ್ದರೆ ಹನ್ನೊಂದಕ್ಕೇ ತಲೆ ಸಿಡಿಯಲು ಶುರು. ಮದುವೆಯಾದ ಒಂಬತ್ತು ವರ್ಷದಿಂದ ಆ ನುಗ್ಗೆಮರದ ಮರೆಯಲ್ಲಿ, ಸೌದೆಯ ಹಿಂದೆ ಬಚ್ಚಿಟ್ಟ ಫ್ಲಾಸ್ಕಿನಿಂದ ಅರ್ಧ ಲೋಟ. ಅಷ್ಟೇ. ಅದು ಪಕ್ಕದವರ ಫೋನಿನಲ್ಲಿ ಕಂಡು, ಬಾಯಿಂದ ಬಾಯಿಗೆ ಹರಿದು ಅತ್ತೆಯ ಕಿವಿ ಮುಟ್ಟಿದರೆ?

ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ತಿದ್ದಿಕೊಂಡು ಪಕ್ಕದ ಅಂಗಳಕ್ಕೆ ಹೋದಳು. ಕೆಂಚಣ್ಣನ ಹೆಂಡತಿ ರಾಮಲಕ್ಷ್ಮಿ ಕೋಳಿಗಳಿಗೆ ಜೋಳ ಚೆಲ್ಲುತ್ತಿದ್ದಳು.

“ರಾಮಲಕ್ಷ್ಮಿ, ತಪ್ಪು ತಿಳೀಬ್ಯಾಡ. ನಾವು ಮಡಿಯೊಳಗ ಓಡಾಡೋರು. ನಿಮ್ಮ ಕ್ಯಾಮೆರಾ ನಮ್ಮ ಬಚ್ಚಲ ಕಡೆ ಅದ...”

ರಾಮಲಕ್ಷ್ಮಿ ಕಟ್ಟೆಯ ಮೇಲೆ ಕೂತಿದ್ದ ಗಂಡನತ್ತ ತಿರುಗಿದಳು. “ಕೇಳಿದ್ರ್ಯಾ? ಇವರೂ ಅದನ್ನ ಅಂತಾರ.”

“ಇವರೂ ಅಂದ್ರ?”

“ಅಮ್ಮಾರ, ಕೋಳಿ ಕಳುವಾಗ್ತಾವಂತ ಹಾಕ್ಸೀನಿ, ನಿಮ್ಮ ಮಡಿ ನೋಡಾಕಲ್ಲ,” ಎಂದ ಕೆಂಚಣ್ಣ. “ನಿನ್ನಿ ಸಂಜಿಕ ನಿಮ್ಮತ್ತಿ ಬಂದು, ತುಳಸಿಕಟ್ಟಿ ಕಡೆ ಮಡಿಯಾಗ ಓಡಾಡ್ತೀವಿ, ತಿರುಗ್ಸು ಅಂದ್ರು. ತಿರುಗ್ಸಿದೆ. ಇವತ್ತು ನೀವು. ಇನ್ನ ನಿಮ್ಮೆಜಮಾನ್ರು ಯಾವ ಮೂಲ್ಯಾಗ ಮಡಿ ಮಾಡ್ತಾರ, ಈಗ್ಲೇ ಹೇಳಿಬಿಡ್ರಿ.”

“ಅತ್ತೆಯವರು ಬಂದಿದ್ರಾ?”

“ಬಂದು, ಹಳೇ ವಿಡಿಯೋನೂ ಅಳಿಸು ಅಂದ್ರಕ್ಕ. ನನಗ ಅದೆಲ್ಲಿ ಬರ್ತೈತಿ?” ರಾಮಲಕ್ಷ್ಮಿ ಫೋನ್ ಚಾಚಿದಳು. “ನೀವು ಕಾಲೇಜು ಓದಿದೋರು, ನೀವ ಅಳಿಸ್ರಿ. ನಾವಂತೂ ಬಾಯಿ ಬಿಡಂಗಿಲ್ಲ.”

ಫೋನಿನ ಪರದೆಯ ಮೇಲೆ ಹೋದ ಏಕಾದಶಿಯ ಮಧ್ಯಾಹ್ನ. ತುಳಸಿಕಟ್ಟೆಯ ಹಿಂದೆ ಕುಕ್ಕರಗಾಲಲ್ಲಿ ಕೂತ ಜಯಾಬಾಯಿ ಸೆರಗಿನ ಗಂಟು ಬಿಚ್ಚಿ, ಶೇಂಗಾ ಚಿಕ್ಕಿಯನ್ನು ಸದ್ದಾಗದಂತೆ ಮುರಿದು ಬಾಯಿಗಿಡುತ್ತಿದ್ದರು. ಸೊಸೆ ಬಂದಾಳೆಂದು ನಡುನಡುವೆ ಬಚ್ಚಲಮನೆಯತ್ತ ಕತ್ತು ಚಾಚಿ ನೋಡುತ್ತಿದ್ದರು.

ಸುಷಮಾ ಎರಡು ಸಲ ನೋಡಿದಳು. ಆಮೇಲೆ ಅಳಿಸಿದಳು.

“ಕೆಂಚಣ್ಣ, ಕೋಳಿಗೂಡಿನ ಕಡೆನೇ ತಿರುಗಿಸಿಬಿಡ್ರಿ. ಅವಕ್ಕ ಮಡಿ ಗಿಡಿ ಏನೂ ಇರಂಗಿಲ್ಲ.”

ಮರುದಿನ ಮಧ್ಯಾಹ್ನ ಅವಳು ಅರ್ಧ ಲೋಟ ಕಾಫಿಯನ್ನು ತುಳಸಿಕಟ್ಟೆಯ ಹಿಂದಿಟ್ಟು, ಮೇಲೊಂದು ತಟ್ಟೆ ಮುಚ್ಚಿ ಒಳಗೆ ಹೋದಳು. ಸಂಜೆ ದೀಪ ಹಚ್ಚಲು ಬಂದಾಗ ಲೋಟ ತೊಳೆದು ಬೋರಲು ಹಾಕಿತ್ತು. ಪಕ್ಕದಲ್ಲಿ, ಇರುವೆ ಮುತ್ತದ ಹಾಗೆ ಮುಚ್ಚಿದ್ದ ಅದೇ ತಟ್ಟೆಯ ಕೆಳಗೆ ಒಂದು ತುಂಡು ಚಿಕ್ಕಿ.